ಸೀಟಿನ ಹಿಂದಿನ ಚರ್ಮದ ಚೀಲ

“ಒತ್ತಬಹುದು. ಹಿಡಿಯೋಕಾಗಲ್ಲ,” ಎಂದರು ಆಸ್ಪತ್ರೆಯ ಡಾಕ್ಟರು, ನನ್ನ ಬಲಗೈಯನ್ನು ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ. ಮೂಳೆ ಕೂಡಿತ್ತು, ಗಾಯ ಮಾಗಿತ್ತು. ಆದರೆ ಬೆರಳುಗಳಿಗೆ ಹೋಗುವ ನರ ಹೋಗಿತ್ತು. ಅಂಗೈ ಊರಿ ಮೇಜು ಒತ್ತಬಲ್ಲೆ, ಬಾಗಿಲು ತಳ್ಳಬಲ್ಲೆ. ಕೈಗೆ ಸ್ಪ್ಯಾನರ್ ಕೊಟ್ಟರೆ ಮಾತ್ರ ಅದು ಜಾರಿ ನೆಲಕ್ಕೆ ಬೀಳುತ್ತಿತ್ತು. ಸೈಕಲ್ ರಿಪೇರಿ ಮಾಡಿ ಬದುಕುವವನಿಗೆ ಈ ಮಾತು ಹೇಳುವುದೂ, ಅಡುಗೆಭಟ್ಟನಿಗೆ ಇನ್ನು ಮೇಲೆ ಒಲೆಯ ಹತ್ತಿರ ಹೋಗಬೇಡ ಎನ್ನುವುದೂ ಒಂದೇ.

ಕೈ ಜಜ್ಜಿದ್ದು ಸವಳಂಗ ರಸ್ತೆಯ ನನ್ನ ಅಂಗಡಿಯ ಮುಂದೆಯೇ. ಗಾಳಿ ತುಂಬುವ ಕಂಪ್ರೆಸರ್ ಹೊಸದಾಗಿ ತರಿಸಿದ್ದೆ. ಟೆಂಪೋದಿಂದ ಇಳಿಸುವಾಗ ಹಗ್ಗ ಜಾರಿತು. ಟ್ಯಾಂಕಿಗೂ ಟೆಂಪೋದ ಹಿಂಬದಿಯ ಹಲಗೆಗೂ ನಡುವೆ ಕೈ ಸಿಕ್ಕಿತು. ಆ ಕಂಪ್ರೆಸರ್ ಮಳೆಗಾಲವಿಡೀ ಮೂಲೆಯಲ್ಲಿ ಗೋಣಿತಾಟು ಹೊದ್ದು ಕೂತಿತ್ತು. ನಾನು ಅದರ ಎದುರು ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಇಬ್ಬರಿಗೂ ಕೆಲಸವಿರಲಿಲ್ಲ.

ನನ್ನ ಬಾಮೈದ ಒಳ್ಳೆಯವನು. ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಬಲು ಕಷ್ಟ. ದಿನಾ ಸಂಜೆ ಬಂದು ಅದೇ ರಾಗ ತೆಗೆಯುತ್ತಿದ್ದ: “ಭಾವ, ಎಷ್ಟು ದಿನ ಅಂತ ಹಿಂಗೆ ಕೂರ್ತೀರ? ಜಾಗ ಒಳ್ಳೇದಿದೆ, ಎಸ್‌ಟಿಡಿ ಬೂತ್ ಮಾಡಣ. ಕಾಲೇಜು ಹುಡುಗ್ರು ಕ್ಯೂ ನಿಲ್ತಾರೆ. ನೀವು ಕೂತ್ಕೊಂಡು ಬಟನ್ ಒತ್ತಿದ್ರೆ ಸಾಕು.”

ಒತ್ತಿದರೆ ಸಾಕು. ಡಾಕ್ಟರು ಹೇಳಿದ್ದನ್ನೇ ಇವನೂ ಹೇಳುತ್ತಿದ್ದಾನೆ ಅನ್ನಿಸಿ ಮೈ ಉರಿಯುತ್ತಿತ್ತು. ಆಗ ಊರಲ್ಲಿ ಗಲ್ಲಿಗೊಂದು ಟೆಲಿಫೋನ್ ಬೂತ್ ಏಳುತ್ತಿದ್ದ ಕಾಲ. ಅವನ ಮಾತು ತಪ್ಪೇನಲ್ಲ, ಅದೂ ಗೊತ್ತಿತ್ತು. ಕೊನೆಗೆ ಒಂದು ದಿನ ಹೇಳಿಬಿಟ್ಟೆ: “ದೀಪಾವಳಿ ತನಕ ಸುಮ್ನಿರು. ಅಷ್ಟರೊಳಗೆ ಒಂದು ಸೈಕಲ್ಲನ್ನ ನಾನೊಬ್ಬನೇ ಪೂರ್ತಿ ಬಿಚ್ಚಿ ಪೂರ್ತಿ ಕೂಡಿಸ್ತೀನಿ. ಆಗ್ಲಿಲ್ಲ ಅಂದ್ರೆ ಪಾಡ್ಯದ ದಿನ ನಿನ್ನ ಬೋರ್ಡು ನೀನೇ ಹಾಕ್ಕೊ.”

ಅಂಗಡಿಯ ಹಿಂದಿನ ಮನೆಯಲ್ಲಿ ಟೀ ಸೋಸುತ್ತಿದ್ದ ನನ್ನ ಹೆಂಡತಿಗೆ ಎಲ್ಲ ಕೇಳಿಸಿತ್ತು. ಟೀ ತಂದು ಲೋಟವನ್ನು ನನ್ನ ಎಡಗೈ ಕಡೆ ಇಟ್ಟಳು.

ಹೇಳುವುದು ಸುಲಭವಾಗಿತ್ತು. ಮಾರನೆಯ ದಿನ ನನ್ನದೇ ಹಳೇ ಸೈಕಲ್ಲಿನ ಟಯರ್ ಬಿಚ್ಚಲು ಕೂತೆ. ಟಯರಿನ ಅಂಚಿನ ಕೆಳಗೆ ಲಿವರ್ ತೂರಿಸಿ ಎತ್ತಿದೆ. ಎರಡನೇ ಲಿವರ್ ತೂರಿಸುವ ತನಕ ಮೊದಲನೆಯದನ್ನು ಹಿಡಿದಿರಬೇಕು, ಹಿಡಿಯುವವರು ಯಾರು? ಬಲಗೈಯಿಂದ ಒತ್ತಿ ಹಿಡಿಯಲು ನೋಡಿದೆ, ಲಿವರ್ ಚಿಮ್ಮಿ ಗದ್ದಕ್ಕೆ ಬಡಿಯಿತು. ಮೊಣಕಾಲಲ್ಲಿ ಅದುಮಿದೆ, ಪ್ಯಾಂಟು ಹರಿಯಿತು. ಟಯರ್ ಮಾತ್ರ ರಿಮ್ಮನ್ನು ಬಿಡಲಿಲ್ಲ.

ಆ ಸೈಕಲ್ ಬಂದದ್ದು ನವರಾತ್ರಿಯ ಹೊತ್ತಿಗೆ. ನಾನು ಕೈಗೆ ವ್ಯಾಯಾಮ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದೆ. ವಾಪಸು ಬಂದಾಗ ಅಂಗಡಿಯ ಗೋಡೆಗೆ ಒಂದು ಮುದಿ ಸೈಕಲ್ ಒರಗಿ ನಿಂತಿತ್ತು. ಬಾಮೈದ ಹೇಳಿದ: “ಭದ್ರಾವತಿಯವರೊಬ್ರು ಲಗೇಜ್ ಆಟೋದಲ್ಲಿ ತಂದು ಇಳಿಸಿ ಹೋದ್ರು. ಫ್ಯಾಕ್ಟರೀಲಿ ಕೆಲಸ ಅಂತೆ. ಅವರಪ್ಪಂದು ಇದು, ಅಪ್ಪ ಹೋಗಿ ವರ್ಷ ಆಯ್ತಂತೆ. ಪೂರ್ತಿ ಓವರ್‌ಹಾಲ್ ಆಗ್ಬೇಕು, ದೀಪಾವಳಿಗೆ ಬೇಕು ಅಂದ್ರು. ನಾನು ಆಗಲ್ಲ ಅನ್ನೋಣ ಅಂದ್ಕೊಂಡೆ. ಅಕ್ಕ ಹ್ಞೂಂ ಅಂದ್ಬಿಟ್ಲು.”

ನಾನು ಹೆಂಡತಿಯ ಮುಖ ನೋಡಿದೆ. ಅವಳು ದೀಪದ ಬತ್ತಿ ಹೊಸೆಯುತ್ತಾ ಕೂತಿದ್ದಳು. “ನೀವೇ ತಾನೆ ಹೇಳಿದ್ದು, ಒಂದು ಸೈಕಲ್ ಅಂತ? ಅದು ಬಂದಿದೆ,” ಎಂದಳು.

ವಿಲಾಯಿತಿ ಮಾಲು ಅದು. ಕರಿ ಬಣ್ಣದ ಮೇಲೆ ಚಿನ್ನದ ಗೆರೆ, ಸ್ಪ್ರಿಂಗಿನ ಚರ್ಮದ ಸೀಟು, ವೈರಿನ ಬದಲು ಉಕ್ಕಿನ ಕಡ್ಡಿಗಳು ಎಳೆಯುವ ರಾಡ್ ಬ್ರೇಕ್. ಆದರೆ ಬಲಗಡೆಯ ಬ್ರೇಕ್ ಹಿಡಿಕೆ ಇರಲೇ ಇಲ್ಲ. ಎರಡು ಹಿಡಿಕೆಗಳೂ ಎಡಗಡೆಗೇ ಒಂದರ ಕೆಳಗೊಂದು ಕೂತಿದ್ದವು. ಬಲ ಹ್ಯಾಂಡಲ್ಲಿನ ತುದಿಗೆ ಅಗಲವಾದ ಚರ್ಮದ ಬಳೆಯೊಂದನ್ನು ಬಿಗಿದಿದ್ದರು. ಬಾಮೈದ ಅದಕ್ಕೆ ಬೆರಳು ಹಾಕಿ, “ಇದು ಕೊಡೆ ಸಿಕ್ಕಿಸೋಕೆ ಭಾವ, ನಮ್ಮ ಮಳೆಗೆ ಒಳ್ಳೆ ಉಪಾಯ,” ಎಂದ. ನನಗೂ ಸರಿ ಅನ್ನಿಸಿತು. ಬಲಗಡೆಗೆ ಒಂದು ಬ್ರೇಕ್ ಹಿಡಿಕೆ ಹುಡುಕಬೇಕು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಸೀಟಿನ ಹಿಂದೆ ಚರ್ಮದ ಟೂಲ್ ಚೀಲ ಜೋತಾಡುತ್ತಿತ್ತು. ಬಕ್ಕಲು ತುಕ್ಕು ಹಿಡಿದಿತ್ತು, ಹಲ್ಲಿನಿಂದ ಎಳೆದು ಬಿಚ್ಚಿದೆ. ಒಳಗಿದ್ದದ್ದನ್ನು ಗೋಣಿತಾಟಿನ ಮೇಲೆ ಸುರಿದೆ. ತೆಳುವಾದ ಒಂದು ಕೋನ್ ಸ್ಪ್ಯಾನರ್, ಹಲವು ತೂತಿನ ಚಪ್ಪಟೆ ಸ್ಪ್ಯಾನರ್ ಒಂದು, ಒಣಗಿ ಕಲ್ಲಾದ ಪಂಚರ್ ಸೊಲ್ಯೂಷನ್ ಟ್ಯೂಬು. ಇವು ಎಲ್ಲರ ಚೀಲದಲ್ಲೂ ಇರುವಂಥವು. ಉಳಿದದ್ದೆಲ್ಲ ವಿಚಿತ್ರ. ಕಬ್ಬಿಣದ ಸೌಟಿನ ಹಿಡಿಯಿಂದ ಮಾಡಿದ ಎರಡು ಲಿವರ್‌ಗಳು, ಅವುಗಳ ಬಾಲ ಬೇಕಾದ್ದಕ್ಕಿಂತ ಉದ್ದ, ತುದಿಯಲ್ಲಿ ಚೇಳಿನ ಕೊಂಡಿಯ ಹಾಗೆ ಬಗ್ಗಿತ್ತು. ಟಿಫನ್ ಕ್ಯಾರಿಯರ್ ನೇತುಹಾಕುವಂಥ ಒಂದು ಕೊಕ್ಕೆ, ಅದಕ್ಕೆ ತೊಗಲಿನ ಪಟ್ಟಿ. ಅರ್ಧ ತೆಂಗಿನಕಾಯಿಯಷ್ಟು ದೊಡ್ಡದಾದ, ಮೇಲೆ ಗುಂಡಗೆ ಕೆಳಗೆ ಚಪ್ಪಟೆಯಾದ ಹಲಸಿನ ಮರದ ತುಂಡು, ಅದರ ಎರಡೂ ಮಗ್ಗುಲಿಂದ ಕೆಳಗೆ ಇಳಿಬಿದ್ದ ಪಟ್ಟಿಯ ಕುಣಿಕೆ. ಕೊನೆಗೆ, ಬೇರಿಂಗ್ ಗುಂಡುಗಳನ್ನು ತುಂಬಿ ಬಾಯಿ ಹೊಲಿದ, ಮುಷ್ಟಿಯಷ್ಟು ದಪ್ಪದ ಭಾರದ ಚೀಲ.

“ಎಂಥ ಸಂಸಾರ ಮಾರಾಯ ಇದು,” ಎಂದೆ. ಸ್ಪ್ಯಾನರ್‌ಗಳನ್ನು ಇಟ್ಟುಕೊಂಡು ಉಳಿದದ್ದನ್ನು ಗುಜರಿ ಬುಟ್ಟಿಗೆ ಹಾಕಿದೆ.

ಆಯುಧಪೂಜೆಯ ಹಿಂದಿನ ದಿನ ಅಂಗಡಿ ತೊಳೆಯುವುದು ನಮ್ಮಲ್ಲಿ ಹೆಂಗಸರ ದರ್ಬಾರು. ನನ್ನ ಹೆಂಡತಿ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒಂದೊಂದೇ ಸಾಮಾನು ಒರೆಸುತ್ತಿದ್ದಳು. ಗುಜರಿ ಬುಟ್ಟಿ ಖಾಲಿ ಮಾಡಲು ಹೋದವಳು ಅಲ್ಲೇ ಕೂತುಬಿಟ್ಟಳು.

“ರೀ, ಇಲ್ನೋಡಿ.”

ಹಲಸಿನ ತುಂಡಿನ ಪಟ್ಟಿಯನ್ನು ಸರಿಸಿ ತೋರಿಸಿದಳು. ಮರದ ಗೀರಿನಲ್ಲಿ ಕುಂಕುಮ ಕೂತಿತ್ತು, ಪದರ ಪದರವಾಗಿ ಗಟ್ಟಿಯಾಗಿ. ತಳದ್ದು ಕಪ್ಪಗಾಗಿತ್ತು, ಮೇಲಿನದು ಇನ್ನೂ ಕೆಂಪಗಿತ್ತು. ಕೊಕ್ಕೆಯ ಕಣ್ಣಿನಲ್ಲೂ ಇತ್ತು. ಸೌಟಿನ ಹಿಡಿಯ ಕೊಂಡಿಯಲ್ಲೂ, ಭಾರದ ಚೀಲದ ಹೊಲಿಗೆಯಲ್ಲೂ ಇತ್ತು.

“ಗುಜರಿಗೆ ಯಾರಾದ್ರೂ ಕುಂಕುಮ ಇಡ್ತಾರೇನ್ರಿ?” ಎಂದಳು. “ವರ್ಷ ವರ್ಷ ಪೂಜೆ ಮಾಡಿದಾರೆ. ಇದು ಕೆಲಸದ ಸಾಮಾನೇ.”

ಆಯುಧಪೂಜೆಗೆ ನಾವು ಕೆಲಸಕ್ಕೆ ಬರುವ ಸಾಮಾನಿಗೆ ಮಾತ್ರ ಕುಂಕುಮ ಇಡುತ್ತೇವೆ. ಮುರಿದದ್ದಕ್ಕೆ, ಕೆಲಸ ಬಿಟ್ಟದ್ದಕ್ಕೆ ಯಾರೂ ಇಡುವುದಿಲ್ಲ. ಆ ವರ್ಷ ನನ್ನ ಸಾಮಾನಿನ ಮುಂದೆ ಕೂರಲು ನನಗೇ ನಾಚಿಕೆಯಾಗಿತ್ತು, ಮಳೆಗಾಲವಿಡೀ ಮುಟ್ಟದವನಿಗೆ ಪೂಜೆ ಎಂಥದ್ದು ಎಂದು. ಭದ್ರಾವತಿಯವನ ಸಾಮಾನನ್ನು ಅವಳು ನನ್ನ ಸಾಲಿನಲ್ಲೇ ಜೋಡಿಸಿ, ನಿಂಬೆಹಣ್ಣು ಇಟ್ಟು, ಹೂ ಏರಿಸಿದಳು. ಪೂಜೆಯ ದಿನ ಆಯುಧ ಮುಟ್ಟುವ ಹಾಗಿಲ್ಲ. ದಿನವಿಡೀ ಅವುಗಳ ಎದುರು ಕೂತು ಯಾವುದು ಯಾತಕ್ಕೆ ಎಂದು ತಲೆ ಕೆರೆದುಕೊಂಡೆ.

ವಿಜಯದಶಮಿಯ ಬೆಳಿಗ್ಗೆ ಸೌಟಿನ ಹಿಡಿಯ ಲಿವರ್ ತೆಗೆದುಕೊಂಡು ಆ ಸೈಕಲ್ಲಿನ ಮುಂದಿನ ಟಯರಿಗೆ ತೂರಿಸಿದೆ. ಎಡಗೈಯಿಂದ ಬಗ್ಗಿಸಿದೆ. ಉದ್ದನೆಯ ಬಾಲ ಹೋಗಿ ಚಕ್ರದ ಕಡ್ಡಿಗೆ ತಾಗಿತು, ಚೇಳಿನ ಕೊಂಡಿ ಕಡ್ಡಿಯನ್ನು ಟಕ್ಕನೆ ಕಚ್ಚಿಕೊಂಡಿತು. ಕೈ ಬಿಟ್ಟೆ. ಲಿವರ್ ಅಲ್ಲಾಡಲಿಲ್ಲ. ನನ್ನ ಎಡಗೈ ಖಾಲಿಯಾಗಿತ್ತು. ಅದೇ ಕೈಯಲ್ಲಿ ಎರಡನೆಯದನ್ನು ತೂರಿಸಿ ರಿಮ್ಮಿನ ಸುತ್ತ ಎಳೆದೆ, ಟಯರ್ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಂಡು ಬಂತು.

ಕಡ್ಡಿಗೆ ಸಿಕ್ಕಿಸುವ ಲಿವರ್ ನಾನು ನೋಡದ್ದೇನಲ್ಲ. ಆದರೆ ಇಷ್ಟು ಉದ್ದದ ಬಾಲ, ಇಷ್ಟು ಗಟ್ಟಿಯಾದ ಕೊಂಡಿ ಎರಡು ಕೈ ಇದ್ದವನಿಗೆ ಬೇಕಾಗಿಯೇ ಇಲ್ಲ. ಎದ್ದು ಹೋಗಿ ಹ್ಯಾಂಡಲ್ ನೋಡಿದೆ. ಎರಡೂ ಬ್ರೇಕ್ ಎಡಕ್ಕೆ. ಬಲಕ್ಕೆ ಚರ್ಮದ ಬಳೆ. ನನ್ನ ಬಲಗೈಯನ್ನು ಆ ಬಳೆಯೊಳಗೆ ತೂರಿಸಿದೆ. ಮಣಿಕಟ್ಟು ಹೋಗಿ ಹಾಯಾಗಿ ಕೂತಿತು. ಕೊಡೆಯಂತೆ ಕೊಡೆ! ಈ ಸೈಕಲ್ಲಿನವನಿಗೆ ಕೆಲಸ ಮಾಡುವ ಕೈ ಒಂದೇ ಇತ್ತು. ಅಂಗಡಿ ತುಂಬ ಕೇಳುವ ಹಾಗೆ ಹೆಂಡತಿಯನ್ನು ಕೂಗಿದೆ.

ಸಿನಿಮಾದಲ್ಲಾದರೆ ಮುಂದೆ ಎಲ್ಲವೂ ಸಲೀಸಾಗಿ ನಡೆಯುತ್ತಿತ್ತು. ನನ್ನ ಗ್ರಹಚಾರ ಹಾಗಿರಲಿಲ್ಲ. ಹಿಂದಿನ ಚಕ್ರದ ನಡುವಿನ ಹಬ್ಬಿಗೆ ಕೈ ಹಾಕಿದೆ. ಹಬ್ಬಿನ ಒಳಗೆ ಎರಡೂ ಕಡೆ ಗುಂಡುಗಳು, ಅವುಗಳನ್ನು ತಡೆದು ಹಿಡಿಯುವುದು ಕೋನು. ಕೋನನ್ನು ತೆಳು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು ಹೊರಗಿನ ನಟ್ಟು ಬಿಗಿಯಬೇಕು. ಕೋನು ಕೂದಲೆಳೆ ಹೆಚ್ಚು ತಿರುಗಿದರೆ ಚಕ್ರ ಬಿಗಿ, ಕಮ್ಮಿಯಾದರೆ ಚಕ್ರ ಓಲಾಡುತ್ತದೆ. ಎರಡು ಕೈಗೂ ಸಾಲದ ಕೆಲಸ. ಕೊಕ್ಕೆ ಇದಕ್ಕೇ ಇರಬೇಕು ಎಂದು ಊಹಿಸಿದೆ. ತೆಳು ಸ್ಪ್ಯಾನರಿನ ಬಾಲಕ್ಕೆ ಕೊಕ್ಕೆ ಹಾಕಿ, ಪಟ್ಟಿಯನ್ನು ಸೈಕಲ್ಲಿನ ಹಿಂದಿನ ಕಂಬಿಗೆ ಸುತ್ತಿದೆ. ನಟ್ಟು ತಿರುಗಿಸಿದ ಕೂಡಲೇ ಸ್ಪ್ಯಾನರ್ ಕಂಬಿಯಿಂದ ದೂರ ಸರಿದು ಕೊಕ್ಕೆ ಕಳಚಿ ಬಿತ್ತು. ಮತ್ತೆ ಹಾಕಿದೆ, ಮತ್ತೆ ಬಿತ್ತು. ಹೀಗೇ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಚಕ್ರವೇ ಉರುಳಿ, ಹಬ್ಬಿನ ಗುಂಡುಗಳೆಲ್ಲ ಅಂಗಡಿ ತುಂಬ ಹರಡಿ, ಕೆಲವು ಚರಂಡಿಗೂ ಹೋದವು.

ಕೊಕ್ಕೆಯನ್ನು ರಸ್ತೆಗೆ ಎಸೆದೆ. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ಅಕ್ಷರಶಃ ಹಾಗೆಯೇ, ಆ ಬಲಗೈಯನ್ನು ಗೋಡೆಗೆ ಬಡಿದುಕೊಂಡೆ. “ದಂಡದ ಕೈ,” ಎಂದು ಅದಕ್ಕೆ ಬೈದೆ. ಹೆಂಡತಿ ಹೋಗಿ ಕೊಕ್ಕೆ ಎತ್ತಿಕೊಂಡು ಬಂದಳು. ಗುಂಡುಗಳನ್ನು ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕುತ್ತಾ, “ಇದನ್ನ ಮಾಡಿದವ್ರು ಇಲ್ಲ, ಸರಿ. ಮಾಡೋದನ್ನ ನೋಡಿದವ್ರು ಯಾರೂ ಇಲ್ವಾ?” ಎಂದಳು. ನನ್ನ ತಲೆಗೆ ಅದು ಹೊಳೆದಿರಲಿಲ್ಲ.

ಮಾರನೆಯ ದಿನ ಕೊಕ್ಕೆ, ಸ್ಪ್ಯಾನರ್‌ಗಳನ್ನು ಕೈಚೀಲಕ್ಕೆ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಬಾಮೈದ ಬರೆದಿಟ್ಟಿದ್ದ ವಿಳಾಸದಿಂದ ಸೈಕಲ್ಲಿನ ಯಜಮಾನರ ಮನೆ ಸಿಕ್ಕುವುದು ಕಷ್ಟವಾಗಲಿಲ್ಲ. ಕಾರ್ಖಾನೆಯ ಕ್ವಾರ್ಟರ್ಸ್ ದಾಟಿದ ಮೇಲಿನ ಬೀದಿಯಲ್ಲಿ, “ಒಂಟಿ ಕೈ ಸೈಕಲ್ಲಿನವರ ಮನೆ ತಾನೆ?” ಎಂದು ಅಂಗಡಿಯವನೇ ಕೇಳಿ ತೋರಿಸಿದ. ಇಡೀ ಬೀದಿಗೆ ಗೊತ್ತಿದ್ದ ವಿಷಯ. ಅದಕ್ಕೇ ಮಗ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಕಂಡಿರಲಿಲ್ಲ. ಅವರು ಶಿಫ್ಟಿಗೆ ಹೋಗಿದ್ದರು. ಅವರ ತಾಯಿ ಜಗಲಿಯಲ್ಲಿ ಕೂತು ಹುಣಿಸೆಹಣ್ಣು ಬಿಡಿಸುತ್ತಿದ್ದರು.

ನಾನು ಬಂದ ಕಾರಣ ಹೇಳಿದೆ. ಹೇಳುವಾಗ ಬಲಗೈಯನ್ನು ಕೈಚೀಲದ ಹಿಂದೆ ಇಟ್ಟುಕೊಂಡಿದ್ದೆ. ಆಯಮ್ಮ ಅದನ್ನು ಆಗಲೇ ನೋಡಿಬಿಟ್ಟಿದ್ದರು.

“ಯಾವಾಗ ಆಯ್ತು ತಮ್ಮ?”

“ಈ ಮಳೆಗಾಲ್ದಾಗೆ ಅಮ್ಮ.”

“ಹಂಗಾದ್ರೆ ಇನ್ನೂ ಹೊಸದು,” ಎಂದರು, ಮದುವೆಯಾದವರ ಬಗ್ಗೆ ಹೇಳುವ ಹಾಗೆ. “ನಮ್ಮನೆಯವ್ರಿಗೆ ಹುಟ್ಟಿದಾಗ್ಲಿಂದ್ಲೇ ಬಲಗೈ ಮಣಿಕಟ್ಟಿನ ತನಕ ಮಾತ್ರ. ನನ್ನ ನೋಡೋಕೆ ಬಂದಾಗ ನಮ್ಮಪ್ಪ ಉಪ್ಪಿಟ್ಟು ಕೊಟ್ಟು ಕೇಳಿದ್ರು, ‘ಹುಡುಗನ ಕೈಲಿ ಏನಾಗತ್ತೆ?’ ಅಂತ. ಇವರು ಎದ್ದು ಅಂಗಳಕ್ಕೆ ಹೋಗಿ, ನಮ್ಮಪ್ಪನ ಸೈಕಲ್ ಪಂಚರ್ ಆಗಿತ್ತು, ಅದನ್ನ ಬಿಚ್ಚಿ, ಹಾಕಿ, ಗಾಳಿ ಹೊಡ್ದು ನಿಲ್ಸಿದ್ರು. ನಾನು ಕಿಟಕೀಲಿ ನೋಡ್ತಿದ್ದೆ. ಕಾಫಿ ತಟ್ಟೆ ಕೊಡೋಕೆ ಹೋಗೋದೇ ಮರೆತಿದ್ದೆ.”

ಕೊಕ್ಕೆ ತೆಗೆದು ತೋರಿಸಿದೆ. ಅದು ಕಳಚುತ್ತದೆ ಎಂದೆ. ಅವರು ಎದ್ದು, ಜಗಲಿಯ ಕಂಬವನ್ನೇ ಸೈಕಲ್ ಮಾಡಿಕೊಂಡು, “ನೀನು ಎಲ್ಲಿ ಕೂರ್ತೀಯ?” ಎಂದರು.

“ಚೈನಿನ ಕಡೆ. ಎಲ್ಲರೂ ಅಲ್ಲೇ ಅಲ್ವಾ ಕೂರೋದು?”

“ಎಲ್ಲರಿಗೂ ಬಲಗೈ ಇರತ್ತೆ ಮಾರಾಯ. ಅವರು ಒಂದು ದಿನಾನೂ ಆ ಕಡೆ ಕೂತಿದ್ದೇ ಇಲ್ಲ. ಎಡಗಡೆ ಕೂತ್ಕೊ. ಆ ಕಡೆ ಚಕ್ರದ ಕೆಲಸ ಇದ್ರೆ ಚಕ್ರಾನೇ ತಿರುಗಿಸಿ ಹಾಕ್ಕೋತಿದ್ರು. ನೀನು ಕೈಯನ್ನ ಬದಲಾಯ್ಸೋಕೆ ಹೋಗಿದೀಯ. ಕೂರೋ ಜಾಗ ಬದಲಾಯ್ಸು.”

ಮರದ ತುಂಡಿನದ್ದನ್ನೂ ಕೇಳಿದೆ. ಟ್ಯೂಬನ್ನು ಅದರ ಗುಂಡನೆಯ ಬೆನ್ನಿನ ಮೇಲೆ ಹಾಸಿ, ಪಟ್ಟಿಯನ್ನು ಮೇಲಿಂದ ತಂದು ಕುಣಿಕೆಯನ್ನು ಕಾಲಲ್ಲಿ ಅದುಮಿದರೆ ಟ್ಯೂಬು ಬಿಗಿಯಾಗಿ ನಿಲ್ಲುತ್ತದಂತೆ. ಗುಂಡಿನ ಚೀಲದ ಬಗ್ಗೆ ಕೇಳುವ ಹೊತ್ತಿಗೆ ನನ್ನ ಬಸ್ಸಿನ ಹಾರ್ನ್ ಕೇಳಿಸಿತು. ಅದನ್ನು ಬಿಟ್ಟು ಓಡಿದೆ.

ಅಂಗಡಿಗೆ ಬಂದವನೇ ಸ್ಟೂಲನ್ನು ಎತ್ತಿ ಸೈಕಲ್ಲಿನ ಎಡಗಡೆಗೆ ಹಾಕಿದೆ. ಹುಟ್ಟಿದ ಊರಲ್ಲೇ ದಾರಿ ತಪ್ಪಿದ ಹಾಗಾಯಿತು, ಕಣ್ಣಿಗೆ ಏನೂ ಗುರುತು ಸಿಗದು. ಕೊಕ್ಕೆ ಹಾಕಿದೆ. ಎಡಗಡೆಯಿಂದ ನಟ್ಟು ಬಿಗಿದಾಗ ಸ್ಪ್ಯಾನರ್ ಕಂಬಿಗೇ ಒತ್ತಿಕೊಂಡು ನಿಂತಿತು. ಬಿಗಿದಷ್ಟೂ ಇನ್ನೂ ಗಟ್ಟಿಯಾಗಿ ಒತ್ತಿಕೊಂಡಿತು. ಚಕ್ರ ತಿರುಗಿಸಿದೆ. ಅದು ಸದ್ದಿಲ್ಲದೆ ತಿರುಗಿ, ನಿಧಾನವಾಗಿ, ವಾಲ್ವಿನ ಭಾರಕ್ಕೆ ಹಿಂದೆ ಮುಂದೆ ತೂಗಿ ನಿಂತಿತು. ಕೋನು ಸರಿ ಕೂತ ಚಕ್ರ ಹಾಗೆಯೇ ನಿಲ್ಲುವುದು. ನನಗೆ ಅಳು ಬಂತು, ಅತ್ತುಬಿಟ್ಟೆ.

ಅಲ್ಲಿಂದ ಮುಂದೆ ಹಟಕ್ಕೆ ಬಿದ್ದೆ. ಪೆಡಲ್ಲಿನ ಕಾಟರ್ ಪಿನ್ನು ಹೊಡೆಯುವಾಗ ಒಮ್ಮೆ ಬೆರಳು ಜಜ್ಜಿತು, ಚೈನಿನ ಕೊಂಡಿ ಕೂಡಿಸಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು, ಬ್ರೇಕಿನ ರಾಡು ಸಮ ಮಾಡಲು ಇನ್ನೊಂದು. ಬಾಮೈದ ಎರಡು ಬಾರಿ “ನಾನು ಹಿಡ್ಕೊಳ್ಲಾ ಭಾವ?” ಎಂದು ಬಂದ. ಎರಡು ಬಾರಿಯೂ ಬೈಸಿಕೊಂಡು ಹೋದ. ಬಲಗಡೆಗೆಂದು ತರಿಸಿಟ್ಟಿದ್ದ ಬ್ರೇಕ್ ಹಿಡಿಕೆಯನ್ನು ಹಿಂದಿರುಗಿಸಿದೆ. ಸೈಕಲ್ಲಿನವರ ಮಗ ಪಕ್ಕದ ಅಂಗಡಿಗೆ ಫೋನ್ ಮಾಡಿದಾಗ ಕೇಳಿದ್ದೆ, ಅವರು “ಅಪ್ಪಂಗೆ ಹೆಂಗಿತ್ತೋ ಹಂಗೇ ಇರ್ಲಿ, ಚಿಕ್ಕೋನಿದ್ದಾಗ ನಾನೂ ಅದ್ರಲ್ಲೇ ಕಲ್ತಿದ್ದು” ಎಂದಿದ್ದರು.

ನರಕ ಚತುರ್ದಶಿಯ ಹಿಂದಿನ ದಿನ ಸೈಕಲ್ ಸಿದ್ಧವಾಯಿತು. ಆಟೋದಲ್ಲಿ ಕಳಿಸೋಣ ಎಂದ ಬಾಮೈದ. ನಾನು ಟೂಲ್ ಚೀಲವನ್ನು ಸೀಟಿನ ಹಿಂದೆ ಕಟ್ಟಿ, ಹೊಸ ಸೊಲ್ಯೂಷನ್ನು, ಪ್ಯಾಚು ಹಾಕಿ, ಹ್ಯಾಂಡಲ್ಲಿಗೆ ಪಂಪು ಸಿಕ್ಕಿಸಿ, ಬಲಗೈಯನ್ನು ಬಳೆಯೊಳಗೆ ತೂರಿಸಿ ಹೊರಟುಬಿಟ್ಟೆ. ನಾನು ಕೂಡಿಸಿದ ಸೈಕಲ್ ಭದ್ರಾವತಿ ಮುಟ್ಟುತ್ತದೋ ಇಲ್ಲವೋ ಎಂದು ಬೇರೆಯವರು ಬಂದು ಹೇಳುವುದು ನನಗೆ ಬೇಕಿರಲಿಲ್ಲ.

ಮಲವಗೊಪ್ಪ ದಾಟಿ, ನಿದಿಗೆಯ ಹತ್ತಿರ ಹಿಂದಿನ ಟಯರ್ ಪುಸ್ ಎಂದಿತು. ಇಳಿದು ನೋಡಿದರೆ ಲಾರಿಯಿಂದ ಉದುರಿದ ಮೊಳೆ. ಹೆದ್ದಾರಿಯ ಪಕ್ಕ, ಹೊಂಗೆಮರದ ಕೆಳಗೆ ಸೈಕಲ್ಲನ್ನು ತಲೆಕೆಳಗು ಮಾಡಿ ಎಡಗಡೆ ಕೂತೆ. ಎತ್ತಿನಗಾಡಿಯವನೊಬ್ಬ ನಿಲ್ಲಿಸಿ, ನನ್ನ ಕೈ ನೋಡಿ, “ಬನ್ನಿ ಅಣ್ಣ, ಗಾಡಿಗೆ ಹಾಕ್ಕೊಂಡು ಹೋಗಣ,” ಎಂದ.

“ಬೇಡ. ಬಿಸ್ಲು ಅಂತ ಇದ್ರೆ ಇಲ್ಲೇ ನೆರಳಲ್ಲಿ ಕೂತ್ಕೊ, ನೋಡು,” ಎಂದೆ. ಅವನು ಇಳಿದು ಬಂದು ಕೂತೇಬಿಟ್ಟ.

ಲಿವರ್ ತೂರಿಸಿದೆ, ಕೊಂಡಿ ಕಡ್ಡಿಯನ್ನು ಕಚ್ಚಿತು. ಟ್ಯೂಬನ್ನು ಹಲಸಿನ ತುಂಡಿನ ಮೇಲೆ ಹಾಸಿ ಕುಣಿಕೆಯನ್ನು ಕಾಲಲ್ಲಿ ಅದುಮಿದೆ. ತೂತು ಕಂಡಿತು. ಮರಳುಕಾಗದದಲ್ಲಿ ತಿಕ್ಕಿ, ಸೊಲ್ಯೂಷನ್ ಹಚ್ಚಿ, ಆರಲು ಬಿಟ್ಟು, ಪ್ಯಾಚ್ ಇಟ್ಟೆ. ಪ್ಯಾಚ್ ಹಿಡಿಯಬೇಕಾದರೆ ಮೇಲಿಂದ ಒಂದಷ್ಟು ಹೊತ್ತು ಬಲವಾಗಿ ಒತ್ತಿರಬೇಕು. ಯೋಚನೆಯೇ ಇಲ್ಲದೆ ಬಲ ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿದೆ. ಎಡಗೈಯಿಂದ ಅಷ್ಟರಲ್ಲಿ ಟಯರಿನ ಒಳಗೆ ತಡವಿ ಮೊಳೆಯ ತುದಿ ಕಿತ್ತೆ.

ಆಗ ಪಕ್ಕದಲ್ಲಿ ಬಿದ್ದಿದ್ದ ಗುಂಡಿನ ಚೀಲ ಕಣ್ಣಿಗೆ ಬಿತ್ತು. ಅದು ಯಾತಕ್ಕೆ ಎಂದು ಕೇಳದೆಯೇ ಗೊತ್ತಾಯಿತು. ಆ ಮನುಷ್ಯನಿಗೆ ಒತ್ತಲು ಬಲ ಅಂಗೈ ಇರಲಿಲ್ಲ. ಅದರ ಬದಲಿಗೆ ಈ ಭಾರವನ್ನು ಇಡುತ್ತಿದ್ದ. ನಾನು ದಂಡದ್ದು ಎಂದು ಗೋಡೆಗೆ ಬಡಿದಂಥ ಕೈ ಅವನಿಗೆ ಆಯುಸ್ಸಿಡೀ ಸಿಗಲಿಲ್ಲ, ಅದಕ್ಕೇ ಚೀಲ ಹೊಲಿದುಕೊಂಡಿದ್ದ. ಪ್ಯಾಚ್ ಹಿಡಿದ ಮೇಲೂ ನಾನು ಸ್ವಲ್ಪ ಹೊತ್ತು ಒತ್ತಿಕೊಂಡೇ ಕೂತಿದ್ದೆ. “ಆಯ್ತಲ್ಲ ಅಣ್ಣ?” ಎಂದು ಗಾಡಿಯವನು ಕೇಳಿದ. ಆಯಿತು ಎಂದೆ.

ಭದ್ರಾವತಿಯಲ್ಲಿ ಆಯಮ್ಮ ಬಾಗಿಲಿಗೆ ಬಂದು, ಸೈಕಲ್ಲಿಗಿಂತ ಮೊದಲು ನನ್ನ ಬೆರಳಿಗೆ ಅಂಟಿದ್ದ ಸೊಲ್ಯೂಷನ್ ನೋಡಿದರು. “ಎಲ್ಲಾಯ್ತು?” ಎಂದರು.

“ನಿದಿಗೆ ಹತ್ರ.”

“ಯಾರು ಹಿಡ್ಕೊಂಡ್ರು?”

“ಯಾರೂ ಇಲ್ಲ ಅಮ್ಮ.”

ಅವರು ಸೈಕಲ್ಲಿನ ಹಿಂದಿನ ಚಕ್ರವನ್ನು ಎತ್ತಿ ಒಮ್ಮೆ ತಿರುಗಿಸಿ, ನಿಲ್ಲುವ ತನಕ ನೋಡಿದರು. ಆಮೇಲೆ ಒಳಗೆ ಹೋಗಿ ಕಾಫಿ ತಂದು, ಲೋಟವನ್ನು ನನ್ನ ಎಡಗಡೆಗೆ ಇಟ್ಟರು.

ಟೂಲ್ ಚೀಲ ಅವರ ಮನೆಯದು, ಅಲ್ಲೇ ಬಿಟ್ಟೆ. ಬಿಡುವ ಮೊದಲು ಅದೇ ಊರಿನ ಕಮ್ಮಾರನಿಗೆ ಲಿವರ್, ಕೊಕ್ಕೆ ತೋರಿಸಿ ನನಗೂ ಅಂಥವನ್ನೇ ಮಾಡಲು ಹೇಳಿದೆ. ಮರದ ತುಂಡಿನ ಅಳತೆಯನ್ನು ದಾರದಲ್ಲಿ ಹಿಡಿದು ತಂದೆ. ಪಾಡ್ಯದ ದಿನ ಬಾಮೈದ ಬಂದಾಗ ಅಂಗಡಿಯ ಬಾಗಿಲು ತೆಗೆದಿತ್ತು, ನಾನು ಎಡಗಡೆ ಕೂತು ಯಾರದೋ ಚೈನು ಬಿಚ್ಚುತ್ತಿದ್ದೆ. ಅವನು ಸ್ವಲ್ಪ ಹೊತ್ತು ನಿಂತು ನೋಡಿ, “ಎದುರುಗಡೆ ಒಂದು ಮಳಿಗೆ ಖಾಲಿ ಇದೆ ಭಾವ, ಬೂತ್ ಅಲ್ಲೇ ಹಾಕ್ತೀನಿ,” ಎಂದು ಹೇಳಿ, ಗೋಣಿತಾಟು ಸರಿಸಿ ಕಂಪ್ರೆಸರ್ ಒರೆಸಲು ಕೂತ.

ಮುಂದಿನ ವರ್ಷದ ಆಯುಧಪೂಜೆಗೆ ನನ್ನ ಹೆಂಡತಿ ಹಳೆಯ ಸಾಮಾನಿನ ಪಕ್ಕದಲ್ಲಿ ಹೊಸದನ್ನೂ ಸಾಲಾಗಿ ಜೋಡಿಸಿದಳು. ಲಿವರ್, ಕೊಕ್ಕೆ, ಹಲಸಿನ ತುಂಡು. ಒಂದೊಂದಕ್ಕೂ ಕುಂಕುಮ ಇಡುತ್ತಾ ಬಂದವಳು ನಿಂತಳು. “ಆ ಗುಂಡಿನ ಚೀಲ ಮಾಡಿಸ್ಲೇ ಇಲ್ವಲ್ರಿ?”

“ಅದು ಬೇಡ,” ಎಂದು ನನ್ನ ಬಲಗೈಯನ್ನು ಸಾಲಿನ ಕೊನೆಗೆ, ಚೀಲ ಇರಬೇಕಾಗಿದ್ದ ಜಾಗದಲ್ಲಿ ಊರಿದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಬೆರಳನ್ನು ಕುಂಕುಮದಲ್ಲಿ ಅದ್ದಿ, ಉಳಿದ ಸಾಮಾನಿಗೆ ಇಟ್ಟ ಹಾಗೆಯೇ ಅದಕ್ಕೂ ಇಟ್ಟು, “ಹಂಗಾದ್ರೆ ಇವತ್ತು ಇದ್ರಿಂದ ಕೆಲಸ ಮಾಡ್ಬೇಡಿ,” ಎಂದಳು.